ಐಷಾರಾಮಿ ಸೆಡಾನ್: ಹಳೆಯ ಹೆಸರು, ಹೊಸ ಹೆಸರು

ಐಷಾರಾಮಿ ಸೆಡಾನ್ ಕೊಳ್ಳುವ ಗ್ರಾಹಕನು ವಾಹನಕ್ಕಷ್ಟೇ ಅಲ್ಲ, ಹೆಸರಿಗೂ ಬೆಲೆ ತೆರುತ್ತಾನೆ. ಕಾರ್ಲ್ ಬೆಂಜ್ 1886ರಲ್ಲಿ ಪಡೆದ ಪೇಟೆಂಟಿನಿಂದ ತನ್ನ ಪರಂಪರೆಯನ್ನು ಎಣಿಸುವ ಮರ್ಸಿಡಿಸ್-ಬೆಂಜ್‌ನಂತಹ ಸಂಸ್ಥೆಯೆದುರು ಹೊಸಬರು ನಿಲ್ಲುವುದು ಸುಲಭವಲ್ಲ. ಆದರೂ ಟೊಯೋಟಾ 1989ರಲ್ಲಿ ಲೆಕ್ಸಸ್ ಎಂಬ ಹೊಸ ಹೆಸರಿನೊಡನೆ ಅಮೆರಿಕದ ಈ ಮಾರುಕಟ್ಟೆಯನ್ನು ಪ್ರವೇಶಿಸಿತು. 1981ರಿಂದ ಜಪಾನೀ ಕಾರುಗಳ ರಫ್ತಿನ ಸಂಖ್ಯೆಗೆ ಮಿತಿಯಿದ್ದು, ಪ್ರತಿ ಕಾರಿನ ಮೇಲಿನ ಲಾಭವನ್ನು ಹೆಚ್ಚಿಸಿಕೊಳ್ಳುವುದು ಆ ದೇಶದ ತಯಾರಕರಿಗೆ ಅಗತ್ಯವಾಗಿತ್ತು.

ಎಂಟು ಸಿಲಿಂಡರ್‌ಗಳ ಎಲ್.ಎಸ್. 400ರ ಆರಂಭಿಕ ಬೆಲೆ ಸುಮಾರು 35,000 ಡಾಲರ್. ಜರ್ಮನ್ ಪ್ರತಿಸ್ಪರ್ಧಿಗಳಿಗಿಂತ ಇದು ಬಹಳ ಕಡಿಮೆ. ಆದರೆ ಈ ವರ್ಗದಲ್ಲಿ ಅಗ್ಗವೆಂಬುದೇ ಸಂಶಯಕ್ಕೆ ಎಡೆಮಾಡುತ್ತದೆ. ಅದೇ ಡಿಸೆಂಬರಿನಲ್ಲಿ ಬ್ರೇಕ್ ದೀಪ ಮತ್ತು ವೇಗನಿಯಂತ್ರಣ ವ್ಯವಸ್ಥೆಯ ದೋಷಗಳ ಬಗ್ಗೆ ದೂರು ಬಂದಾಗ, ಮಾರಾಟವಾಗಿದ್ದ ಸುಮಾರು 8,000 ಕಾರುಗಳನ್ನೂ ಸಂಸ್ಥೆ ತಾನಾಗಿಯೇ ದುರಸ್ತಿಗೆ ಹಿಂದಕ್ಕೆ ಕರೆಸಿತು. ಸಿಬ್ಬಂದಿ ಗ್ರಾಹಕರ ಮನೆಯಿಂದಲೇ ಕಾರನ್ನು ಒಯ್ದು, ಸರಿಪಡಿಸಿ, ತೊಳೆದು, ಇಂಧನ ತುಂಬಿಸಿ ಮರಳಿಸಿದರು. ಹೆಸರು ಕೆಡಬಹುದಾಗಿದ್ದ ಈ ಪ್ರಸಂಗವೇ ಹೆಸರು ತಂದಿತು. 1991ರಲ್ಲಿ ಲೆಕ್ಸಸ್ ಅಮೆರಿಕದಲ್ಲಿ ಅತ್ಯಧಿಕ ಮಾರಾಟದ ಆಮದು ಐಷಾರಾಮಿ ಕಾರೆನಿಸಿತು.

ಎಲ್ಲ ಹೊಸಬರಿಗೂ ಈ ಭಾಗ್ಯ ಒದಗಲಿಲ್ಲ. 1989ರಲ್ಲೇ ಕಣಕ್ಕಿಳಿದ ನಿಸ್ಸಾನ್‌ನ ಇನ್ಫಿನಿಟಿ ಮೊದಲ ಜಾಹೀರಾತುಗಳಲ್ಲಿ ಕಾರನ್ನೇ ತೋರಿಸದೆ ಕಲ್ಲು, ಮರ, ನೀರನ್ನು ತೋರಿಸಿತು. ಅದು ಮಾರಾಟದಲ್ಲಿ ಹಿಂದುಳಿಯಿತು. 2020ರಲ್ಲಿ ಪಶ್ಚಿಮ ಯುರೋಪನ್ನೂ ತೊರೆಯಿತು. ಲೆಕ್ಸಸ್‌ನ ಇ.ಎಸ್. 300ಎಚ್ ಸೆಡಾನ್‌ನ ತಯಾರಿಕೆಯಾದರೋ ಅದೇ 2020ರಲ್ಲಿ ನಮ್ಮ ಬಿಡದಿಯಲ್ಲಿ ಆರಂಭವಾಯಿತು.