ಆರು ತಿಂಗಳು ತುಂಬುವ ಹೊತ್ತಿಗೆ

ಗರ್ಭಾವಸ್ಥೆಯ 24ನೇ ವಾರಕ್ಕೆ ಮಗು ಸುಮಾರು 600 ಗ್ರಾಂ ತೂಗುತ್ತದೆ. ಹೊರಗಿನ ಸದ್ದಿಗೆ ಬೆಚ್ಚಿ ಒದೆಯುವುದೂ ಉಂಟು.

ತಾಯಿಗೆ ಬೆನ್ನುನೋವು, ಎದೆಯುರಿ, ರಾತ್ರಿ ಮೀನಖಂಡದ ಸೆಳೆತ. ಹೊಟ್ಟೆ ಆಗೊಮ್ಮೆ ಈಗೊಮ್ಮೆ ಬಿಗಿದು ಸಡಿಲವಾಗುವುದು ಸಹಜ. ಅದೇ ಬಿಗಿತ ಲಯ ಹಿಡಿದು ಪದೇಪದೇ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ, ರಕ್ತಸ್ರಾವ, ಮಗುವಿನ ಚಲನೆ ಕುಗ್ಗುವುದು ಇವಕ್ಕೂ ಅದೇ ಮಾತು.

24ರಿಂದ 28ನೇ ವಾರದೊಳಗಿನ ಸಕ್ಕರೆ ಪರೀಕ್ಷೆಯನ್ನಂತೂ ತಪ್ಪಿಸಲೇಬಾರದು. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 140 ಮಿಲಿಗ್ರಾಂ ಮುಟ್ಟಿದರೆ ಅದು ಗರ್ಭಾವಸ್ಥೆಯ ಮಧುಮೇಹ ಎನ್ನುತ್ತದೆ ಕೇಂದ್ರದ ಮಾರ್ಗಸೂಚಿ. ಬಹಳಷ್ಟು ಸಲ ಲಕ್ಷಣವೇ ತೋರದ ತೊಂದರೆಯಿದು. ಸೀಮಂತದ ಸಿಹಿಗೆ ಮೊದಲೇ ವರದಿ ಕೈಸೇರಲಿ. ಇನ್ನು ಮಾತ್ರೆಗಳ ಮಾತು: ಕಬ್ಬಿಣಾಂಶದ ಮಾತ್ರೆಯನ್ನು ಕ್ಯಾಲ್ಸಿಯಂ ಜೊತೆ ನುಂಗಬಾರದು, ಎರಡರ ನಡುವೆ ಕೆಲವು ಗಂಟೆಗಳ ಅಂತರ ಬೇಕು.