ಕಬ್ಬಿನ ಕೋಶ ಉಳಿಸಿದ ಸಕ್ಕರೆ

ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಂದ ಕಾರ್ಖಾನೆಗೂ ಆಲೆಮನೆಗೂ ಸಾಗುವ ಸಕ್ಕರೆಯೆಲ್ಲವೂ ಮೂಲತಃ ಕಬ್ಬಿನ ಜೀವಕೋಶಗಳು ತಮಗೆಂದು ತಯಾರಿಸಿಕೊಂಡು, ಬಳಸಿ ಮಿಕ್ಕದ್ದನ್ನು ಕೂಡಿಟ್ಟ ಆಹಾರ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಈ ಸೀಮೆಗೆ ಹರಿದುಬಂದ ಕಾಲದಲ್ಲಿ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅಂದಿನಿಂದ ಕಬ್ಬಿನ ತೂಕ, ಬೆಲೆ, ಬಾಕಿಗಳ ಬಗ್ಗೆ ನಡೆದಷ್ಟು ಮಾತು ಆ ಸಕ್ಕರೆ ಹುಟ್ಟುವ ಕೋಶದ ಬಗ್ಗೆ ನಡೆದಿಲ್ಲ. ಆದರೆ ರೈತನ ಕೈಗೆ ಏನು ದಕ್ಕುತ್ತದೆ ಎಂಬುದರ ದೊಡ್ಡ ಪಾಲು ತೀರ್ಮಾನವಾಗುವುದು ಅಲ್ಲಿಯೇ.

ಜೀವಕೋಶವೆಂದರೆ ತೆಳುವಾದ ಪೊರೆಯೊಂದರೊಳಗೆ ತನ್ನ ಬದುಕಿಗೆ ಬೇಕಾದ ರಾಸಾಯನಿಕ ಕ್ರಿಯೆಗಳನ್ನು ತಾನೇ ನಡೆಸಿಕೊಳ್ಳುವ, ಜೀವದ ಅತಿ ಚಿಕ್ಕ ಘಟಕ. ಸಸ್ಯಗಳಲ್ಲಿ ಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಭಿತ್ತಿಯೂ ಇರುತ್ತದೆ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಬಹುಮಟ್ಟಿಗೆ ಈ ಭಿತ್ತಿಗಳ ರಾಶಿಯೇ ಆಗಿದೆ. ಬೆಳಕನ್ನು ಹಿಡಿದು ಸಕ್ಕರೆ ಕಟ್ಟುವ ಹಸಿರು ಕಣಗಳಿಗೆ ಕ್ಲೋರೋಪ್ಲಾಸ್ಟ್ ಎಂದೂ, ಸಕ್ಕರೆಯನ್ನು ಒಡೆದು ಶಕ್ತಿ ಬಿಡಿಸುವ ಕಣಗಳಿಗೆ ಮೈಟೋಕಾಂಡ್ರಿಯಾ ಎಂದೂ ಹೆಸರು.

ಕಬ್ಬಿನ ಎಲೆಯ ತೆಳುವಾದ ಅಡ್ಡಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಪ್ರತಿ ನರದ ಸುತ್ತ ದಪ್ಪ ಭಿತ್ತಿಯ ಕಡುಹಸಿರು ಕೋಶಗಳ ಉಂಗುರವೂ ಅದನ್ನು ಸುತ್ತುವರಿದ ಇನ್ನೊಂದು ಸುತ್ತು ಕೋಶಗಳೂ ಕಾಣುತ್ತವೆ. ಪಕ್ಕದ ಗದ್ದೆಯ ಭತ್ತದ ಎಲೆಯಲ್ಲಿ ಇಂತಹ ಹಸಿರು ಉಂಗುರ ಕಾಣುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯತ್ತ ಸಾಗಿಸುವ ರುಬಿಸ್ಕೋ ಎಂಬ ಕಿಣ್ವವು, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು, ಬಿಸಿಲೇರಿದಂತೆ ಅದರ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚಾಗುತ್ತದೆ, ಆಗ ಭತ್ತದಂತಹ ಬೆಳೆ ಗಳಿಸಿದ ಇಂಗಾಲದ ಒಂದಂಶವನ್ನು ಕಳೆದುಕೊಳ್ಳುತ್ತದೆ. ಕಬ್ಬಿನ ಹೊರಸುತ್ತಿನ ಕೋಶಗಳಾದರೋ ಬೇರೊಂದು ಕಿಣ್ವದ ನೆರವಿನಿಂದ ಇಂಗಾಲವನ್ನು ಮೊದಲು ನಾಲ್ಕು ಇಂಗಾಲ ಪರಮಾಣುಗಳುಳ್ಳ ಆಮ್ಲವಾಗಿ ಕಟ್ಟಿ ಒಳಗಿನ ಉಂಗುರಕ್ಕೆ ದಾಟಿಸುತ್ತವೆ. ಅಲ್ಲಿ ಮತ್ತೆ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ರುಬಿಸ್ಕೋವಿನ ಸುತ್ತ ದಟ್ಟೈಸುವುದರಿಂದ ಆ ನಷ್ಟ ತೀರಾ ಕಡಿಮೆ. ಹವಾಯಿಯಲ್ಲಿ ಹ್ಯೂಗೋ ಕೊರ್ಟ್‌ಶಾಕ್ ಈ ದಾರಿಯ ಸುಳಿವು ಕಂಡದ್ದೂ, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಅದನ್ನು ವಿವರಿಸಿದ್ದೂ ಕಬ್ಬಿನ ಎಲೆಯಲ್ಲಿಯೇ. ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳಾಗಿ ರೂಪಿಸಿದ ರಾಗಿಗೂ ಇದೇ ಉಂಗುರದ ಬಲವಿದೆ.

ಎಲೆಯಲ್ಲಿ ಸಿದ್ಧವಾದ ಸಕ್ಕರೆಯು ಸುಕ್ರೋಸ್ ರೂಪದಲ್ಲಿ, ಎಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದಕ್ಕೊಂದು ಬೆಸೆದ ರೂಪದಲ್ಲಿ, ಜಲ್ಲೆಗೆ ಇಳಿದು ಅಲ್ಲಿನ ಕೋಶಗಳ ರಸದಾನಿಯಲ್ಲಿ ಶೇಖರವಾಗುತ್ತದೆ. ರಸದಾನಿ ಎಂಬುದು ಬಲಿತ ಕೋಶದ ಬಹುಭಾಗವನ್ನು ಆವರಿಸುವ ರಸದ ಚೀಲ. ಕಬ್ಬು ಜಗಿದಾಗ ಬಾಯಿಗೆ ಬರುವ ಸಿಹಿ ಹೆಚ್ಚಾಗಿ ಅದರದ್ದೇ. ಬೆಳೆಯುತ್ತಿರುವ ಎಳೆ ಗೆಣ್ಣುಗಳು ಬಂದ ಸಕ್ಕರೆಯನ್ನು ಕೂಡಲೇ ಒಡೆದು ಹೊಸ ಕೋಶ ಕಟ್ಟಲು ಬಳಸುವುದರಿಂದ ಜಲ್ಲೆಯ ತುದಿ ಸಪ್ಪೆ, ಬುಡ ಸಿಹಿ. ಕಟಾವಿಗೆ ಮುನ್ನ ಕೆಲ ವಾರ ನೀರು ನಿಲ್ಲಿಸುವ ಪದ್ಧತಿಯ ಮರ್ಮವೂ ಇದೇ: ನೀರು ಕಡಿಮೆಯಾದಾಗ ಬೆಳವಣಿಗೆ ಮೊದಲು ಕುಗ್ಗುತ್ತದೆ, ಎಲೆಯ ಗಳಿಕೆ ಇನ್ನೂ ನಡೆದಿರುತ್ತದೆ, ಆದ್ದರಿಂದ ಉಳಿತಾಯ ಏರುತ್ತದೆ. ತಡವಾಗಿ ಯೂರಿಯಾ ಸುರಿದರೆ ಕಬ್ಬು ಮತ್ತೆ ಚಿಗುರುವ ಹುಮ್ಮಸ್ಸಿಗೆ ಬಿದ್ದು ಸಕ್ಕರೆ ಇಳಿಯುತ್ತದೆ. ಸೂಲಂಗಿ, ಅಂದರೆ ಹೂ, ಬಂದ ಕಬ್ಬನ್ನು ಬಹಳ ದಿನ ಬಿಟ್ಟರೆ ಅದು ಬೆಂಡಾಗುತ್ತದೆ.

ಇನ್ನು ಖರ್ಚಿನ ವಿಷಯ. ಕೋಶವು ಸಕ್ಕರೆಯನ್ನು ನೇರವಾಗಿ ಕೆಲಸಕ್ಕೆ ಹಚ್ಚಲಾರದು. ಅದರ ಶಕ್ತಿಯನ್ನು ಎ.ಟಿ.ಪಿ. ಎಂಬ ಪುಟ್ಟ ಅಣುವಿಗೆ ವರ್ಗಾಯಿಸಿ, ಆ ಅಣುವನ್ನು ಬೇಕಾದಲ್ಲಿ ಒಡೆದು ಬಳಸುತ್ತದೆ. ಒಂದು ಗ್ಲೂಕೋಸ್ ಕೋಶದ್ರವ್ಯದಲ್ಲಿ ಅರೆಬರೆ ಒಡೆದಾಗ ನಿವ್ವಳವಾಗಿ ಸಿಗುವುದು 2 ಎ.ಟಿ.ಪಿ. ಮಾತ್ರ, ಆಮ್ಲಜನಕದ ನೆರವಿನಿಂದ ಮೈಟೋಕಾಂಡ್ರಿಯಾದಲ್ಲಿ ಪೂರ್ತಿಯಾಗಿ ಒಡೆದರೆ ಒಟ್ಟು ಸುಮಾರು 30. ಕಾಕಂಬಿಯಲ್ಲಿ ಆಮ್ಲಜನಕವಿಲ್ಲದೆ ಬೆಳೆಯುವ ಯೀಸ್ಟ್ ಮೊದಲ ಹಂತದಲ್ಲೇ ನಿಂತು, ಮಿಕ್ಕ ಶಕ್ತಿಯನ್ನು ಮದ್ಯಸಾರದಲ್ಲಿ ಬಿಟ್ಟುಬಿಡುತ್ತದೆ. ಮೈಟೋಕಾಂಡ್ರಿಯಾದೊಳಗಿನ ಕ್ರಿಯೆಯನ್ನು ತಿಳಿಯಲು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವೇ ಸಾಕು: 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಅಲ್ಲಿನ ಯಂತ್ರಗಳನ್ನು ಎತ್ತರದಿಂದ ಇಳಿಯುವ ಕಾವೇರಿ ತಿರುಗಿಸಿದಂತೆ, ಇಲ್ಲಿ ಒಳಪೊರೆಯ ಒಂದು ಬದಿಯಲ್ಲಿ ಒತ್ತರಿಸಿದ ಹೈಡ್ರೋಜನ್ ಅಯಾನುಗಳು ಮರಳಿ ಒಳಹರಿಯುವಾಗ ಪ್ರೋಟೀನಿನ ಚಕ್ರವೊಂದನ್ನು ನಿಜವಾಗಿಯೂ ತಿರುಗಿಸಿ ಎ.ಟಿ.ಪಿ. ಉತ್ಪಾದಿಸುತ್ತವೆ. ಎ.ಟಿ.ಪಿ. ಉತ್ಪಾದನೆಗೆ ಈ ಅಯಾನುಗಳ ಹರಿವೇ ಮೂಲ ಎಂದು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ನಂಬಿದವರು ವಿರಳ. 1978ರಲ್ಲಿ ಅವರಿಗೆ ನೊಬೆಲ್ ಬಂತು, ಚಕ್ರದ ರಚನೆ ಮತ್ತು ಕೆಲಸವನ್ನು ಬಿಡಿಸಿದ ಪಾಲ್ ಬೋಯರ್ ಮತ್ತು ಜಾನ್ ವಾಕರ್ 1997ರ ನೊಬೆಲ್ ಪಡೆದವರಲ್ಲಿ ಸೇರಿದರು.

ಕಡಿದ ಕಬ್ಬು ಸತ್ತ ಕಬ್ಬಲ್ಲ ಎಂಬ ಸಂಗತಿ ಕೋಶದ ಈ ಖರ್ಚಿನ ಲೆಕ್ಕದಲ್ಲಿಯೇ ಮುಖ್ಯವಾಗುತ್ತದೆ. ಸೋಗೆ ಕತ್ತರಿಸಿದ ಕ್ಷಣದಿಂದ ಗಳಿಕೆ ನಿಂತರೂ ಜಲ್ಲೆಯ ಕೋಶಗಳು ಉಸಿರಾಡುತ್ತಲೇ ಇರುತ್ತವೆ. ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಕತ್ತರಿಸಿದ ತುದಿಯಿಂದ ಬ್ಯಾಕ್ಟೀರಿಯಾಗಳು ನುಗ್ಗಿ ತಾವೂ ತಿನ್ನುತ್ತವೆ, ಬಿಸಿಲು ಹೆಚ್ಚಿದಷ್ಟೂ ಇವೆಲ್ಲ ಚುರುಕಾಗುತ್ತವೆ. ಕಾರ್ಖಾನೆಯ ಗೇಟಿನ ಮುಂದೆ ಸಾಲಾಗಿ ನಿಂತ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ನೀರು ಆರಿ ತೂಕ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಕೋಶದೊಳಗಿನ ನಷ್ಟ ಕಾಣುವುದಿಲ್ಲ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕೆಂಬ ಸಲಹೆಯನ್ನು ರೈತರಷ್ಟೇ ಗಂಭೀರವಾಗಿ ಅರೆಯುವವರೂ ಪಾಲಿಸಬೇಕಾದದ್ದು ನ್ಯಾಯ. ಆಲೆಮನೆಯವರಿಗೆ ಈ ಹಾನಿ ಬೇಗ ತಿಳಿಯುತ್ತದೆ, ಏಕೆಂದರೆ ಒಡೆದ ಸಕ್ಕರೆ ಹೆಚ್ಚಾದ ರಸ ಕೊಪ್ಪರಿಗೆಯಲ್ಲಿ ಎಷ್ಟು ಕಾದರೂ ಅಚ್ಚಿನಲ್ಲಿ ಗಟ್ಟಿಯಾಗದೆ ಮೆತ್ತಗಾಗುತ್ತದೆ. ಹುಳಿ ರಸದಲ್ಲಿ ಕಾವು ಸಹ ಸುಕ್ರೋಸನ್ನು ಒಡೆಯುವುದರಿಂದಲೇ ಹದವರಿತು ಸುಣ್ಣ ಬೆರೆಸುವ ರೂಢಿ ಬಂದಿದೆ.

ಗದ್ದೆಯಲ್ಲಿ ಬಿತ್ತನೆ ತುಂಡು ನೆಟ್ಟಾಗ ಇದೇ ಒಡೆಯುವಿಕೆಯೇ ಬೆಳೆಗೆ ಆಧಾರ: ಗೆಣ್ಣಿನ ಕಣ್ಣು ಬೇರು ಬಿಟ್ಟು ಎಲೆ ಅರಳಿಸುವವರೆಗೆ ತುಂಡಿನ ಸಕ್ಕರೆಯನ್ನೇ ಉಂಡು ಬೆಳೆಯಬೇಕು, ಎಳೆಯ ಕಬ್ಬಿನಲ್ಲಿ ಒಡೆದ ಸಕ್ಕರೆ ಮೊದಲೇ ಹೆಚ್ಚಿರುತ್ತದೆ. ಆದ್ದರಿಂದ ಅರೆಯಲು ಬಲಿತ ಕಬ್ಬನ್ನು ಕಾಯುವ ರೈತ, ಬಿತ್ತನೆಗೆ ಏಳೆಂಟು ತಿಂಗಳ ಎಳೆಯ ಕಬ್ಬನ್ನೇ ಆರಿಸುತ್ತಾನೆ.