ಗಿರಾಕಿಗಳಾಗಲು ಒಪ್ಪದ ಅಭಿಮಾನಿಗಳು

ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಟಿಗಟ್ಟಲೆ ಡಾಲರಿನ ವ್ಯವಹಾರವಾಗಿ ಬೆಳೆಯಲು ದಾರಿ ತೆರೆದದ್ದು ಒಂದು ಕೋರ್ಟ್ ತೀರ್ಪು. ಯಾವ ಪಂದ್ಯ ಟಿ.ವಿ.ಯಲ್ಲಿ ಬರಬೇಕು, ಒಂದು ತಂಡ ಎಷ್ಟು ಸಲ ಕಾಣಿಸಿಕೊಳ್ಳಬೇಕು ಎಂಬುದನ್ನೆಲ್ಲ 1984ರವರೆಗೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ನಿರ್ಧರಿಸುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ಹಿಡಿತ ತಪ್ಪಿಸಿತು. ಅಲ್ಲಿಂದಾಚೆಗೆ ಪ್ರಸಾರದ ಹಕ್ಕು ವಿಶ್ವವಿದ್ಯಾಲಯಗಳ ಒಕ್ಕೂಟಗಳ ಕೈಯಲ್ಲಿ ಮಾರಾಟದ ಸರಕಾಯಿತು. 2007ರಲ್ಲಿ ಬಿಗ್ ಟೆನ್ ಒಕ್ಕೂಟ ಫಾಕ್ಸ್ ಟಿ.ವಿ. ಸಂಸ್ಥೆಯ ಜೊತೆ ಸೇರಿ ಸ್ವಂತ ಚಾನೆಲ್ಲನ್ನೇ ತೆರೆಯಿತು. ದುಡ್ಡು ಬಂದ ಮೇಲೆ ಅದನ್ನು ಹೆಚ್ಚಿಸಬಲ್ಲವರನ್ನೂ ಕರೆತರಬೇಕಾಯಿತು.

ಬಿಗ್ ಟೆನ್ ಒಕ್ಕೂಟದ ಮಿಷಿಗನ್ ವಿಶ್ವವಿದ್ಯಾಲಯ 2010ರಲ್ಲಿ ಕ್ರೀಡಾ ನಿರ್ದೇಶಕರಾಗಿ ನೇಮಿಸಿಕೊಂಡದ್ದು ಡೊಮಿನೋಸ್ ಪಿಜ್ಜಾ ಕಂಪನಿಯ ಮುಖ್ಯಸ್ಥರಾಗಿದ್ದ ಡೇವ್ ಬ್ರಾಂಡನ್ ಅವರನ್ನು. ಅವರು ಹೊರಗಿನವರೇನಲ್ಲ: ವಿದ್ಯಾರ್ಥಿಯಾಗಿದ್ದಾಗ ಅದೇ ತಂಡದಲ್ಲಿದ್ದವರು, ಮುಂದೆ ಆಡಳಿತ ಮಂಡಳಿಯ ಸದಸ್ಯರೂ ಆಗಿದ್ದವರು. ಆನ್ ಆರ್ಬರ್ ಊರಿನಲ್ಲಿರುವ ಈ ವಿಶ್ವವಿದ್ಯಾಲಯದ ಕ್ರೀಡಾಂಗಣ 1927ರಲ್ಲಿ ಕಟ್ಟಿದ್ದು. ಜನ ಅದನ್ನು ಬಿಗ್ ಹೌಸ್ ಎನ್ನುತ್ತಾರೆ. 1975ರ ನವೆಂಬರ್‌ನಿಂದ ಅಲ್ಲಿನ ಯಾವ ಪಂದ್ಯಕ್ಕೂ ಒಂದು ಲಕ್ಷಕ್ಕಿಂತ ಕಡಿಮೆ ಪ್ರೇಕ್ಷಕರು ಬಂದಿರಲಿಲ್ಲ. ಮೈದಾನದೊಳಗೆ ಜಾಹೀರಾತು ಫಲಕಗಳಿಲ್ಲ ಎಂಬುದು ಆಗ ಅಭಿಮಾನಿಗಳ ಹೆಮ್ಮೆಯಾಗಿತ್ತು.

ಆರಂಭದ ವರ್ಷಗಳಲ್ಲಿ ದೊಡ್ಡ ತಕರಾರು ಇರಲಿಲ್ಲ. 2011ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ವಿರುದ್ಧ ಬಿಗ್ ಹೌಸ್‌ನ ಮೊದಲ ಹೊನಲು ಬೆಳಕಿನ ಪಂದ್ಯ ನಡೆದಾಗ 1,14,804 ಮಂದಿ ಸೇರಿದರು. ಮಿಷಿಗನ್ 35–31ರಿಂದ ಗೆದ್ದಿತು. ಗೆಲ್ಲುವ ತಂಡದ ಟಿಕೆಟ್ ದರವನ್ನು ಯಾರೂ ಅಷ್ಟಾಗಿ ಲೆಕ್ಕ ಹಾಕುವುದಿಲ್ಲ.

ಅಸಮಾಧಾನ ಹೊಗೆಯಾಡತೊಡಗಿದ್ದು 2013ರಲ್ಲಿ. ಬೇಡಿಕೆ ನೋಡಿ ಟಿಕೆಟ್ ದರ ಏರಿಳಿಸುವ ಪದ್ಧತಿ ಬಂತು. ಹಿರಿಯ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಒಳ್ಳೆಯ ಜಾಗ ರದ್ದಾಗಿ, ಮೊದಲು ಬಂದವರಿಗೆ ಮೊದಲ ಸೀಟು ಎಂಬ ನಿಯಮ ಬಂತು. ಜೊತೆಗೆ ದರವೂ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ರೀಡಾಂಗಣದಲ್ಲಿ ಕ್ರಾಫ್ಟ್ ಕಂಪನಿಯ ಪ್ರಚಾರಕ್ಕಾಗಿ ಒಂದು ದೈತ್ಯ ಮ್ಯಾಕರೋನಿ ಪ್ರತಿಷ್ಠಾಪನೆಯಾಯಿತು! ಅಭಿಮಾನಿಗಳು ಎಬ್ಬಿಸಿದ ಗದ್ದಲಕ್ಕೆ ಅದನ್ನು ಬೇಗನೆ ತೆಗೆಯಬೇಕಾಯಿತು. ಸೀಟಿನ ವಿಷಯದಲ್ಲಿ ವಿದ್ಯಾರ್ಥಿ ಸಂಘ ಸುಮ್ಮನೆ ಕೂಗಾಡಲಿಲ್ಲ. ಸಮೀಕ್ಷೆ ನಡೆಸಿ, ಮಾತುಕತೆಗೆ ಕೂತು, ಮರುವರ್ಷಕ್ಕೆ ಕಾಯ್ದಿರಿಸಿದ ಸೀಟುಗಳನ್ನು ವಾಪಸು ಪಡೆಯಿತು. ಆದರೆ 280 ಡಾಲರಿನ ಸೀಸನ್ ಟಿಕೆಟ್ ಅನೇಕರಿಗೆ ಬೇಡವಾಗಿತ್ತು. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿದ್ದ ವಿದ್ಯಾರ್ಥಿ ಟಿಕೆಟ್‌ಗಳ ಮಾರಾಟ 2014ರಲ್ಲಿ ಹದಿನೈದು ಸಾವಿರಕ್ಕಿಂತ ಕೆಳಗಿಳಿಯಿತು.

ಆ ಸೆಪ್ಟೆಂಬರ್‌ನಲ್ಲಿ ಎರಡು ಕೋಕ್ ಬಾಟಲಿ ಕೊಂಡರೆ ಮಿನೆಸೋಟ ವಿರುದ್ಧದ ಪಂದ್ಯಕ್ಕೆ ಎರಡು ಟಿಕೆಟ್ ಪುಕ್ಕಟೆ ಎಂಬ ಕೊಡುಗೆ ಕಾಣಿಸಿಕೊಂಡಿತು. ನೂರಾರು ಡಾಲರ್ ತೆತ್ತವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ಕ್ರೀಡಾ ವಿಭಾಗ ಅದನ್ನು ನಿಲ್ಲಿಸಿತಾದರೂ ಅಷ್ಟರಲ್ಲಿ ಸುದ್ದಿ ದೇಶವೆಲ್ಲ ಸುತ್ತಿತ್ತು.

ಸೆಪ್ಟೆಂಬರ್ 27ರ ಆ ಪಂದ್ಯದಲ್ಲಿ ಮಿಷಿಗನ್ 30–14ರಿಂದ ಸೋತಿತು. ಸೋಲಿಗಿಂತ ಹೆಚ್ಚು ಕೆರಳಿಸಿದ್ದು ಬೇರೊಂದು ಸಂಗತಿ. ತಲೆಗೆ ಪೆಟ್ಟುಬಿದ್ದು ತೂರಾಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಆಟಗಾರನನ್ನು ಮತ್ತೆ ಕಣಕ್ಕಿಳಿಸಲಾಗಿತ್ತು. ಮಿದುಳಿಗೆ ಆಘಾತವಾಗಿಲ್ಲ ಎಂದು ಸೋಮವಾರ ಕೋಚ್ ಬ್ರೇಡಿ ಹೋಕ್ ಹೇಳಿದರು. ಆಗಿದ್ದಿರಬಹುದು ಎಂಬ ಬ್ರಾಂಡನ್ ಹೇಳಿಕೆ ಹೊರಬಿದ್ದಾಗ ನಡುರಾತ್ರಿ ದಾಟಿತ್ತು. ಮಂಗಳವಾರ ಸಂಜೆ ಕ್ಯಾಂಪಸ್ಸಿನ ನಡುವಿನ ಬಯಲಿನಲ್ಲಿ ಸೇರಿದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷ ಮಾರ್ಕ್ ಶ್ಲಿಸೆಲ್ ಅವರ ಮನೆಯವರೆಗೆ ಮೆರವಣಿಗೆ ಹೋದರು. ಬ್ರಾಂಡನ್ ತೊಲಗಬೇಕೆಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ದೂರು ಬರೆದ ಅಭಿಮಾನಿಗೆ ಬೇರೆ ತಂಡ ನೋಡಿಕೊಳ್ಳಿ ಎಂಬ ಧಾಟಿಯಲ್ಲಿ ಅವರು ಉತ್ತರಿಸಿದ್ದರೆನ್ನಲಾದ ಇಮೇಲ್‌ಗಳು ಅಕ್ಟೋಬರ್ ಕೊನೆಯಲ್ಲಿ ಬಹಿರಂಗವಾದವು. 31ರಂದು ಅವರು ರಾಜೀನಾಮೆ ಕೊಟ್ಟರು. ತಂಡ ಗೆಲ್ಲುತ್ತಲೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂಬುದು ಅನುಮಾನವೇ.

ಹಂಗಾಮಿಯಾಗಿ ಬಂದ ಜಿಮ್ ಹ್ಯಾಕೆಟ್ ಕೂಡ ಕಾರ್ಪೊರೇಟ್ ಜಗತ್ತಿನವರೇ, ಸ್ಟೀಲ್‌ಕೇಸ್ ಪೀಠೋಪಕರಣ ಕಂಪನಿಯ ಮಾಜಿ ಮುಖ್ಯಸ್ಥರು. ಅವರು ವಿದ್ಯಾರ್ಥಿಗಳ ಸೀಸನ್ ಟಿಕೆಟ್ ದರವನ್ನು 175 ಡಾಲರಿಗೆ ಇಳಿಸಿದರು. ಹೋಕ್ ಅವರನ್ನು ಕೈಬಿಟ್ಟು ಮಿಷಿಗನ್‌ನ ಹಳೆಯ ಆಟಗಾರ ಜಿಮ್ ಹಾರ್ಬಾ ಅವರನ್ನು ಕೋಚ್ ಆಗಿ ಕರೆತಂದರು. ಅಡಿಡಾಸ್ ಬಿಟ್ಟು ನೈಕಿ ಜೊತೆ ಸುಮಾರು 16.9 ಕೋಟಿ ಡಾಲರಿನ ಒಪ್ಪಂದವನ್ನೂ 2015ರಲ್ಲಿ ಮಾಡಿಕೊಂಡರು. 2016ರ ಆಗಸ್ಟ್ 1ರ ನಡುರಾತ್ರಿ ನೈಕಿ ಜರ್ಸಿಗಳ ಮಾರಾಟ ಶುರುವಾದಾಗ ಆನ್ ಆರ್ಬರ್‌ನ ಅಂಗಡಿಯೆದುರು ಅಭಿಮಾನಿಗಳೇ ಸರದಿಯಲ್ಲಿ ನಿಂತಿದ್ದರು.